ಕಮ್ಯುನಿಟಿ ಕಾಲೇಜಿನಲ್ಲಿ ಮನೋವಿಜ್ಞಾನದ ಮೊದಲ ಕೋರ್ಸ್: ಕ್ಯಾಲಿಫೋರ್ನಿಯಾದ ಕನ್ನಡಿಗರಿಗೆ ಸಮಗ್ರ ಮಾರ್ಗದರ್ಶಿ

ಸ್ಯಾನ್ ಹೋಸೆ, ಸನ್ನಿವೇಲ್, ಫ್ರೀಮಾಂಟ್ ಸುತ್ತಮುತ್ತ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಕಮ್ಯುನಿಟಿ ಕಾಲೇಜಿನ ಮಾತು ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ ಬರುತ್ತದೆ. ಹೈಸ್ಕೂಲಿನಲ್ಲಿರುವ ಮಗನೋ ಮಗಳೋ ಬೇಸಿಗೆ ರಜೆಯಲ್ಲಿ ಒಂದು ಕಾಲೇಜು ಕೋರ್ಸ್ ಮುಗಿಸಲು ಹೊರಟಾಗ ಒಮ್ಮೆ. ಎಚ್-4 ವೀಸಾದಲ್ಲಿ ಬಂದು ಕೆಲಸ ಮಾಡಲು ಅನುಮತಿಯಿಲ್ಲದೆ ಮನೆಯಲ್ಲಿರುವವರು ಮತ್ತೆ ಓದಲು ಮನಸ್ಸು ಮಾಡಿದಾಗ ಇನ್ನೊಮ್ಮೆ. ಎರಡೂ ಸಲ ಪರಿಚಿತರು ಕೊಡುವ ಸಲಹೆ ಒಂದೇ: "ಸೈಕಾಲಜಿ ತಗೊಳ್ಳಿ, ಸುಲಭ ಇರುತ್ತೆ." ಊರಿನಲ್ಲಿ ಬಿ.ಎಡ್. ಮುಗಿಸಿ, ಶೈಕ್ಷಣಿಕ ಮನೋವಿಜ್ಞಾನವನ್ನು ಕನ್ನಡದಲ್ಲೇ ಓದಿ, ಕೆಲವು ವರ್ಷ ಪಾಠ ಮಾಡಿ ಇಲ್ಲಿಗೆ ಬಂದ ನಾನೂ ಆ ಮಾತನ್ನು ನಂಬಿ ಹೆಸರು ನೋಂದಾಯಿಸಿದ್ದೆ. ಕೋರ್ಸ್ ಬಹಳ ಒಳ್ಳೆಯದು, ಆದರೆ ಸುಲಭವಲ್ಲ. ಇದು ವಿಜ್ಞಾನದ ಕೋರ್ಸ್ ಎಂದು ತಿಳಿದು ಹೊರಟವರಿಗೆ ದಾರಿ ಸಲೀಸಾಗುತ್ತದೆ. ಮನಸ್ಸಿನ ಬಗ್ಗೆ ಒಂದಿಷ್ಟು ಮಾತುಕತೆ ಎಂದುಕೊಂಡು ಬಂದವರು ಮೊದಲ ಪರೀಕ್ಷೆಯಲ್ಲೇ ಎಡವುತ್ತಾರೆ. ಅರ್ಜಿ ಹಾಕುವ ದಿನದಿಂದ ಅಂಕ ಬರುವ ದಿನದವರೆಗೆ ಏನೇನು ಮಾಡಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಹೆಜ್ಜೆ 1: ಈ ಕೋರ್ಸ್ ನಿಮಗೆ ಏಕೆ ಬೇಕು ಎಂಬುದನ್ನು ಬರೆದಿಟ್ಟುಕೊಳ್ಳಿ

ಕಾರಣ ಸ್ಪಷ್ಟವಾಗಿದ್ದರೆ ಮುಂದಿನ ಅರ್ಧದಷ್ಟು ತೀರ್ಮಾನಗಳು ತಾವಾಗಿಯೇ ಆಗುತ್ತವೆ. ಎರಡು ವರ್ಷ ಇಲ್ಲಿ ಓದಿ ನಂತರ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೋ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಗೋ ವರ್ಗವಾಗಲು ಬಯಸುವವರಿಗೆ ಈ ಕೋರ್ಸ್ ಸಾಮಾನ್ಯ ಶಿಕ್ಷಣದ ಒಂದು ಅಗತ್ಯವನ್ನು ಪೂರೈಸುತ್ತದೆ. 2025ರ ಶರತ್ಕಾಲದಿಂದ ಎರಡೂ ವಿಶ್ವವಿದ್ಯಾಲಯ ವ್ಯವಸ್ಥೆಗಳಿಗೆ ಒಂದೇ ಆಗಿರುವ ಕ್ಯಾಲ್-ಗೆಟ್ಸಿ ಎಂಬ ಪಟ್ಟಿಯಲ್ಲಿ ಇದು ನಾಲ್ಕನೆಯ ವಿಭಾಗವಾದ ಸಮಾಜ ಮತ್ತು ವರ್ತನಾ ವಿಜ್ಞಾನಗಳಿಗೆ ಸೇರುತ್ತದೆ. ನರ್ಸಿಂಗ್‌ಗೆ ಹೋಗುವವರಿಗೆ ಹಲವು ಕಾಲೇಜುಗಳು ಇದನ್ನು ಪ್ರವೇಶಕ್ಕೆ ಮುಂಚಿನ ಕೋರ್ಸಾಗಿ ಕೇಳುತ್ತವೆ. ಎಂಜಿನಿಯರಿಂಗ್ ಅಥವಾ ವಾಣಿಜ್ಯ ಓದಿ ಈಗ ಕೌನ್ಸೆಲಿಂಗ್‌ನಲ್ಲಿ ಮಾಸ್ಟರ್ಸ್ ಮಾಡಲು ಬಯಸುವ ನಮ್ಮವರೂ ಇದ್ದಾರೆ. ಅಂಥವರು ಸೇರಬೇಕೆಂದಿರುವ ವಿಶ್ವವಿದ್ಯಾಲಯವು ಮನೋವಿಜ್ಞಾನದ ಯಾವ ಯಾವ ಕೋರ್ಸ್‌ಗಳನ್ನು ಮೊದಲೇ ಮುಗಿಸಿರಬೇಕು ಎನ್ನುತ್ತದೆ ಎಂಬುದನ್ನು ನೋಡಿಕೊಂಡು ಇಲ್ಲಿ ಅವುಗಳನ್ನು ಓದಿಕೊಳ್ಳಬಹುದು.

ಇಲ್ಲೊಂದು ತಪ್ಪು ಕಲ್ಪನೆಯನ್ನು ಮೊದಲೇ ದೂರ ಮಾಡಬೇಕು. ಈ ಒಂದು ಕೋರ್ಸಿನಿಂದಾಗಲಿ, ಎರಡು ವರ್ಷದ ಅಸೋಸಿಯೇಟ್ ಪದವಿಯಿಂದಾಗಲಿ, ನಾಲ್ಕು ವರ್ಷದ ಬ್ಯಾಚುಲರ್ ಪದವಿಯಿಂದಾಗಲಿ ಯಾರೂ ಚಿಕಿತ್ಸೆ ನೀಡುವ ಪರವಾನಗಿ ಪಡೆಯಲಾರರು. ಕ್ಯಾಲಿಫೋರ್ನಿಯಾದಲ್ಲಿ ವಿವಾಹ ಮತ್ತು ಕುಟುಂಬ ಥೆರಪಿಸ್ಟ್ ಆಗಲು ಮಾಸ್ಟರ್ಸ್ ಪದವಿ, ಅದರ ಮೇಲೆ ಮೇಲ್ವಿಚಾರಣೆಯಲ್ಲಿ ಮಾಡಿದ ಸಾವಿರಾರು ಗಂಟೆಗಳ ಕೆಲಸ, ನಂತರ ಪರೀಕ್ಷೆ ಬೇಕು. ಸೈಕಾಲಜಿಸ್ಟ್ ಎಂದು ಕರೆದುಕೊಳ್ಳಲು ಡಾಕ್ಟರೇಟ್ ಬೇಕು. ದಾರಿ ಉದ್ದವಾಗಿದೆ ಎಂದು ತಿಳಿದೇ ಹೊರಟರೆ ನಡುವೆ ನಿರಾಶೆಯಾಗುವುದಿಲ್ಲ.

ಹೆಜ್ಜೆ 2: ಕಾಲೇಜು ಮತ್ತು ತರಗತಿಯನ್ನು ಆರಿಸಿಕೊಳ್ಳಿ

ರಾಜ್ಯದಲ್ಲಿ 116 ಸಾರ್ವಜನಿಕ ಕಮ್ಯುನಿಟಿ ಕಾಲೇಜುಗಳಿವೆ. ನಮ್ಮ ಕಡೆಯವರಿಗೆ ಹತ್ತಿರದವು ಕ್ಯುಪರ್ಟಿನೋದ ಡಿ ಆನ್ಜಾ, ಲಾಸ್ ಆಲ್ಟೋಸ್ ಹಿಲ್ಸ್‌ನ ಫುಟ್‌ಹಿಲ್, ಸ್ಯಾಂಟಾ ಕ್ಲಾರಾದ ಮಿಷನ್, ಫ್ರೀಮಾಂಟಿನ ಓಲೋನಿ, ಸ್ಯಾನ್ ಹೋಸೆಯ ಎವರ್‌ಗ್ರೀನ್ ವ್ಯಾಲಿ, ಲಿವರ್ಮೋರ್‌ನ ಲಾಸ್ ಪಾಸಿಟಾಸ್. ಮೊದಲ ಎರಡು ಕಾಲೇಜುಗಳು ಕ್ವಾರ್ಟರ್ ಪದ್ಧತಿಯವು, ಅಂದರೆ ಒಂದು ಕೋರ್ಸ್ ಪರೀಕ್ಷೆಯೂ ಸೇರಿ ಸುಮಾರು 12 ವಾರಗಳಲ್ಲಿ ಮುಗಿಯುತ್ತದೆ. ಉಳಿದವು ಸೆಮಿಸ್ಟರ್ ಪದ್ಧತಿಯವು; ಅಲ್ಲಿ 16ರಿಂದ 18 ವಾರಗಳ ಅವಕಾಶವಿರುತ್ತದೆ.

ಹಿಂದೆ ಒಂದೊಂದು ಕಾಲೇಜೂ ಈ ಕೋರ್ಸಿಗೆ ಒಂದೊಂದು ಸಂಖ್ಯೆ ಕೊಟ್ಟುಕೊಂಡಿತ್ತು. 2021ರಲ್ಲಿ ಅಂಗೀಕಾರವಾದ ರಾಜ್ಯದ ಕಾನೂನಿನಂತೆ ಈಗ ಎಲ್ಲ ಕಾಲೇಜುಗಳಿಗೂ ಸಮಾನ ಸಂಖ್ಯೆಗಳು ಬರುತ್ತಿವೆ, ಮತ್ತು ಮೊದಲ ಕಂತಿನಲ್ಲೇ ಬದಲಾದ ಕೆಲವೇ ಕೋರ್ಸ್‌ಗಳಲ್ಲಿ ಇದೂ ಒಂದು. ಆದ್ದರಿಂದ ವೇಳಾಪಟ್ಟಿಯಲ್ಲಿ "ಪಿಎಸ್‌ವೈಸಿ ಸಿ1000, ಇಂಟ್ರೊಡಕ್ಷನ್ ಟು ಸೈಕಾಲಜಿ" ಎಂದು ಹುಡುಕಿ. ಇದಕ್ಕೆ ಮುಂಚೆ ಯಾವ ಕೋರ್ಸನ್ನೂ ಮುಗಿಸಿರಬೇಕಾಗಿಲ್ಲ. ಕಾಲೇಜು ಮಟ್ಟದ ಇಂಗ್ಲಿಷ್ ಓದಿ ಬರೆಯುವ ಅಭ್ಯಾಸ ಇದ್ದರೆ ಒಳಿತು.

ಒಂದೇ ಕೋರ್ಸಿಗೆ ಹತ್ತಾರು ತರಗತಿಗಳಿರುತ್ತವೆ, ಮತ್ತು ಅವುಗಳ ನಡುವಿನ ವ್ಯತ್ಯಾಸ ಕಡಿಮೆಯದಲ್ಲ. ಕೆಲವು ಕ್ಯಾಂಪಸ್ಸಿನಲ್ಲೇ ನಡೆಯುತ್ತವೆ. ಕೆಲವು ನಿಗದಿತ ಸಮಯಕ್ಕೆ ಜೂಮ್‌ನಲ್ಲಿ ನಡೆಯುತ್ತವೆ. ಕೆಲವು ಪೂರ್ತಿ ಆನ್‌ಲೈನ್ ಆಗಿದ್ದು, ಗೊತ್ತಾದ ಸಮಯವೇ ಇಲ್ಲದೆ ವಾರವಾರದ ಗಡುವುಗಳ ಮೇಲೆ ನಡೆಯುತ್ತವೆ. ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ, ಅಡುಗೆ ಮನೆ ನೋಡಿಕೊಳ್ಳುವ ಪೋಷಕರಿಗೆ ಈ ಕೊನೆಯ ಬಗೆ ಬಹಳ ಅನುಕೂಲವೆಂದು ತೋರುತ್ತದೆ. ಆದರೂ ಅಮೆರಿಕದಲ್ಲಿ ಇದೇ ನಿಮ್ಮ ಮೊದಲ ಕೋರ್ಸ್ ಆಗಿದ್ದರೆ ಕ್ಯಾಂಪಸ್ಸಿಗೆ ಹೋಗಿ ಕುಳಿತುಕೊಳ್ಳುವ ತರಗತಿಯನ್ನೇ ಆರಿಸಿಕೊಳ್ಳಿ ಎಂಬುದು ನನ್ನ ಗಟ್ಟಿಯಾದ ಸಲಹೆ. ಇಲ್ಲಿನ ಅಧ್ಯಾಪಕರು ಪ್ರಶ್ನೆ ಕೇಳುವ ರೀತಿ, ವಿದ್ಯಾರ್ಥಿಗಳು ಒಪ್ಪದೆ ವಾದಿಸುವ ರೀತಿ, ಒಂದು ಪ್ರಯೋಗವನ್ನು ಬಿಡಿಸಿ ನೋಡುವ ರೀತಿ, ಇವೆಲ್ಲ ಪುಸ್ತಕದಿಂದ ಬರುವುದಿಲ್ಲ.

ಬೇಸಿಗೆಯ ಆರು ವಾರಗಳ ತರಗತಿಯ ಬಗ್ಗೆ ಒಂದು ಲೆಕ್ಕ ಹಾಕೋಣ. ರಾಜ್ಯದ ನಿಯಮದ ಪ್ರಕಾರ ಸೆಮಿಸ್ಟರ್ ಪದ್ಧತಿಯ ಒಂದು ಯೂನಿಟ್ ಎಂದರೆ ತರಗತಿ, ಓದು, ಬರವಣಿಗೆ ಎಲ್ಲ ಸೇರಿ ಕನಿಷ್ಠ 48 ಗಂಟೆಗಳ ಕೆಲಸ. ಮೂರು ಯೂನಿಟ್‌ಗೆ 144 ಗಂಟೆ. ಇದನ್ನು 16 ವಾರಗಳಿಗೆ ಹಂಚಿದರೆ ವಾರಕ್ಕೆ ಒಂಬತ್ತು ಗಂಟೆ. ಆರು ವಾರಗಳಿಗೆ ಹಂಚಿದರೆ ವಾರಕ್ಕೆ 24 ಗಂಟೆ. ಬೇಸಿಗೆಯಲ್ಲಿ ಊರಿಗೆ ಹೋಗಿ, ಬೆಂಗಳೂರಿನ ಅಜ್ಜಿಯ ಮನೆಯಿಂದ ಆನ್‌ಲೈನಿನಲ್ಲೇ ಮುಗಿಸಬಹುದು ಎಂದು ಯೋಜನೆ ಹಾಕುವ ಕುಟುಂಬಗಳು ಈ ಸಂಖ್ಯೆಯನ್ನು ಮುಂದಿಟ್ಟುಕೊಂಡು ಯೋಚಿಸಬೇಕು. ಅಲ್ಲಿನ ರಾತ್ರಿ ಹನ್ನೆರಡಕ್ಕೂ ಇಲ್ಲಿನ ರಾತ್ರಿ ಹನ್ನೆರಡಕ್ಕೂ ಹನ್ನೆರಡೂವರೆ ಗಂಟೆಯ ಅಂತರವಿದೆ ಎಂಬುದನ್ನು ಮರೆತು ಗಡುವು ತಪ್ಪಿಸಿಕೊಂಡವರಿದ್ದಾರೆ.

ಹೆಜ್ಜೆ 3: ವೀಸಾ, ನಿವಾಸ, ಶುಲ್ಕ

ರಾಜ್ಯದ ನಿವಾಸಿಗಳಿಗೆ ಶುಲ್ಕ ಸೆಮಿಸ್ಟರ್ ಕಾಲೇಜುಗಳಲ್ಲಿ ಯೂನಿಟ್‌ಗೆ 46 ಡಾಲರ್, ಕ್ವಾರ್ಟರ್ ಕಾಲೇಜುಗಳಲ್ಲಿ 31 ಡಾಲರ್. ಮೂರು ಯೂನಿಟ್‌ನ ಕೋರ್ಸಿಗೆ 138 ಡಾಲರ್ ಆಯಿತು. ಇದರ ಜೊತೆಗೆ ಆರೋಗ್ಯ ಸೇವೆ, ವಿದ್ಯಾರ್ಥಿ ಸಂಘ ಎಂದು ಸಣ್ಣ ಮೊತ್ತಗಳು ಸೇರುತ್ತವೆ. ನಿವಾಸಿ ಅಲ್ಲದವರಿಗೆ ಇದೇ ಯೂನಿಟ್‌ಗೆ ನೂರಾರು ಡಾಲರ್ ಹೆಚ್ಚಾಗುತ್ತದೆ. ಆದ್ದರಿಂದ ನಿವಾಸದ ಪ್ರಶ್ನೆಯನ್ನು ಎಚ್ಚರದಿಂದ ನೋಡಿಕೊಳ್ಳಬೇಕು. ಟರ್ಮ್ (ಸೆಮಿಸ್ಟರ್ ಅಥವಾ ಕ್ವಾರ್ಟರ್) ಆರಂಭವಾಗುವ ಮುನ್ನ ಒಂದು ವರ್ಷಕ್ಕಿಂತ ಒಂದು ದಿನ ಹೆಚ್ಚು ಕಾಲ ಕ್ಯಾಲಿಫೋರ್ನಿಯಾದಲ್ಲಿ ವಾಸವಾಗಿದ್ದು, ಇಲ್ಲೇ ನೆಲೆಸುವ ಉದ್ದೇಶವನ್ನು ದಾಖಲೆಗಳಿಂದ ತೋರಿಸಬೇಕು. ಎಚ್-1ಬಿ, ಎಚ್-4, ಎಲ್-2 ವೀಸಾದವರು ಹೀಗೆ ನಿವಾಸಿಗಳೆಂದು ಪರಿಗಣಿತರಾಗಬಹುದು. ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ಮತ್ತು ಪ್ರವಾಸಿ ವೀಸಾದವರು ಆಗುವುದಿಲ್ಲ. ಮನೆಯ ಬಾಡಿಗೆ ಕರಾರು, ರಾಜ್ಯದ ತೆರಿಗೆ ವಿವರ, ಡ್ರೈವಿಂಗ್ ಲೈಸೆನ್ಸ್, ಬ್ಯಾಂಕ್ ಪತ್ರಗಳಲ್ಲಿ ನಿಮ್ಮ ಹೆಸರೂ ಇರುವಂತೆ ಮೊದಲಿನಿಂದಲೇ ನೋಡಿಕೊಳ್ಳಿ. ನಮ್ಮ ಮನೆಗಳಲ್ಲಿ ಎಲ್ಲ ಪತ್ರಗಳೂ ಕೆಲಸ ಮಾಡುವವರ ಹೆಸರಿನಲ್ಲಿ ಮಾತ್ರ ಇರುವುದರಿಂದ ಅವರ ಸಂಗಾತಿಗೆ ಇಲ್ಲಿ ಅನವಶ್ಯಕವಾಗಿ ಅಲೆದಾಟವಾಗುತ್ತದೆ.

ಎಚ್-4 ವೀಸಾದವರು ಪ್ರತ್ಯೇಕ ವಿದ್ಯಾರ್ಥಿ ವೀಸಾ ಪಡೆಯದೆಯೇ ಪೂರ್ಣಾವಧಿಗೂ ಅಲ್ಪಾವಧಿಗೂ ಓದಬಹುದು. ಎಫ್-1 ವೀಸಾದವರು ಟರ್ಮಿಗೆ ಸಾಮಾನ್ಯವಾಗಿ 12 ಯೂನಿಟ್ ಓದಲೇಬೇಕು, ಮತ್ತು ಆ ಲೆಕ್ಕಕ್ಕೆ ಒಂದೇ ಒಂದು ಆನ್‌ಲೈನ್ ಕೋರ್ಸ್ ಸೇರುತ್ತದೆ. ಊರಿನಿಂದ ಆರು ತಿಂಗಳಿಗೆ ಬಂದಿರುವ ಅಪ್ಪ-ಅಮ್ಮಂದಿರು ಪ್ರವಾಸಿ ವೀಸಾದಲ್ಲಿ ಇಂಥ ಪದವಿ ಕೋರ್ಸಿಗೆ ಸೇರುವಂತಿಲ್ಲ.

ಹೆಜ್ಜೆ 4: ಅರ್ಜಿ, ನೋಂದಣಿ, ಕಾಯುವ ಪಟ್ಟಿ

ಅರ್ಜಿಗೆ ಶುಲ್ಕವಿಲ್ಲ. ಸಿಸಿಸಿ ಅಪ್ಲೈ ಎಂಬ ರಾಜ್ಯದ ಸಾಮಾನ್ಯ ಜಾಲತಾಣದಲ್ಲಿ ಖಾತೆ ತೆರೆದು, ಕಾಲೇಜನ್ನು ಆರಿಸಿ, ಅರ್ಜಿ ತುಂಬಬೇಕು. ಪಾಸ್‌ಪೋರ್ಟಿನಲ್ಲಿ ಹೆಸರು ಹೇಗಿದೆಯೋ ಹಾಗೆಯೇ ಬರೆಯಿರಿ. ತಂದೆಯ ಹೆಸರು, ಊರಿನ ಹೆಸರು, ಇನಿಷಿಯಲ್ ಎಲ್ಲ ಬೆರೆತ ನಮ್ಮ ಹೆಸರುಗಳು ಒಂದು ದಾಖಲೆಯಲ್ಲಿ ಒಂದು ರೀತಿ, ಮತ್ತೊಂದರಲ್ಲಿ ಇನ್ನೊಂದು ರೀತಿ ಇದ್ದರೆ ಮುಂದೆ ಅಂಕಪಟ್ಟಿ ಕಳುಹಿಸುವಾಗ ತೊಂದರೆಯಾಗುತ್ತದೆ. ಕೆಲವು ದಿನಗಳಲ್ಲಿ ವಿದ್ಯಾರ್ಥಿ ಸಂಖ್ಯೆಯೂ ಕಾಲೇಜಿನ ಇಮೇಲ್ ವಿಳಾಸವೂ ಬರುತ್ತವೆ. ಆ ಇಮೇಲನ್ನು ಫೋನಿಗೆ ಜೋಡಿಸಿಕೊಂಡು ದಿನಕ್ಕೊಮ್ಮೆಯಾದರೂ ನೋಡುವ ಅಭ್ಯಾಸ ಮಾಡಿಕೊಳ್ಳಿ.

ನೋಂದಣಿ ಎಲ್ಲರಿಗೂ ಒಂದೇ ದಿನ ತೆರೆಯುವುದಿಲ್ಲ. ಹಳೆಯ ವಿದ್ಯಾರ್ಥಿಗಳಿಗೆ ಮೊದಲು, ಹೊಸಬರಿಗೆ ನಂತರ, ಹೈಸ್ಕೂಲಿನವರಿಗೆ ಎಲ್ಲರಿಗಿಂತ ಕೊನೆಗೆ. ಆರಂಭಿಕ ಮಾರ್ಗದರ್ಶನ ಕಾರ್ಯಕ್ರಮವನ್ನೂ ಕೌನ್ಸೆಲರ್ ಜೊತೆಗಿನ ಓದಿನ ಯೋಜನೆಯನ್ನೂ ಮುಗಿಸಿದವರಿಗೆ ಸ್ವಲ್ಪ ಮುಂಚಿನ ದಿನ ಸಿಗುವುದುಂಟು. ತರಗತಿ ತುಂಬಿದ್ದರೆ ಕಾಯುವ ಪಟ್ಟಿಗೆ ಸೇರಿ, ಆಮೇಲೆ ಮೊದಲ ದಿನ ತಪ್ಪದೆ ಹಾಜರಾಗಿ. ಬರದವರ ಜಾಗವನ್ನು ಅಧ್ಯಾಪಕರು ಕಾಯುತ್ತಿರುವವರಿಗೆ ಕೊಡುತ್ತಾರೆ. ಅದಕ್ಕೆಂದು ಕೊಡುವ ಸಂಖ್ಯೆಯನ್ನು ಗಡುವಿನೊಳಗೆ ಜಾಲತಾಣದಲ್ಲಿ ತುಂಬಿದರೆ ಮಾತ್ರ ಸೀಟು ನಿಮ್ಮದಾಗುತ್ತದೆ.

ಸಿಕ್ಕ ಸೀಟೂ ಕೈತಪ್ಪಬಹುದು. ನಾನು ಮೊದಲು ಸೇರಿದ್ದ ಆನ್‌ಲೈನ್ ತರಗತಿಯಲ್ಲಿ ಶುಲ್ಕ ಕಟ್ಟಿ, ಪುಸ್ತಕ ಇಳಿಸಿಕೊಂಡು, ಎರಡು ಅಧ್ಯಾಯ ಓದಿಯೂ ಇದ್ದೆ. ಆದರೆ ತರಗತಿಯ ಪಾಠ, ಚರ್ಚೆಗಳೆಲ್ಲ ನಡೆಯುವ ಕ್ಯಾನ್ವಾಸ್ ತಾಣದಲ್ಲಿ ಎಲ್ಲರೂ ತಮ್ಮ ಪರಿಚಯ ಬರೆಯಬೇಕಿದ್ದ ಚರ್ಚೆಯನ್ನು, ಅದು ಔಪಚಾರಿಕತೆ ಎಂದುಕೊಂಡು ಬಿಟ್ಟಿದ್ದೆ. ಬುಧವಾರ ರಾತ್ರಿಯ ಗಡುವು ಕಳೆದು ಗುರುವಾರ ಬೆಳಿಗ್ಗೆ ನೋಡಿದರೆ ತರಗತಿಯ ಪಟ್ಟಿಯಿಂದ ನನ್ನ ಹೆಸರು ಹೋಗಿತ್ತು. ಆನ್‌ಲೈನ್ ತರಗತಿಯಲ್ಲಿ ಆ ಮೊದಲ ಬರಹವೇ ಹಾಜರಿ. ಆ ಟರ್ಮ್ ಹಾಗೆಯೇ ಕಳೆಯಿತು.

ಹೈಸ್ಕೂಲಿನ ಮಕ್ಕಳ ಪೋಷಕರಿಗೆ

ಹೈಸ್ಕೂಲಿನವರು ಅರ್ಜಿಯ ಜೊತೆಗೆ ಪೋಷಕರ ಮತ್ತು ಶಾಲೆಯ ಒಪ್ಪಿಗೆಯ ನಮೂನೆ ಕೊಡಬೇಕು. ಅಲ್ಪಾವಧಿಯ ವಿದ್ಯಾರ್ಥಿಗಳಾಗಿ ಸೆಮಿಸ್ಟರಿಗೆ 11 ಯೂನಿಟ್‌ವರೆಗೆ ಓದಬಹುದು, ಮತ್ತು ಹೆಚ್ಚಿನ ಕಡೆ ಅವರಿಗೆ ಶುಲ್ಕ ಇರುವುದಿಲ್ಲ. ಆದರೆ ಪೋಷಕರು ಮೂರು ಸಂಗತಿಗಳನ್ನು ಅರಿತಿರಬೇಕು. ಮಗು ಹದಿನೈದು ವರ್ಷದ್ದಾದರೂ ಕಾಲೇಜಿಗೆ ಸೇರಿದ ಕ್ಷಣದಿಂದ ಅದರ ಕಾಲೇಜು ದಾಖಲೆಗಳ ಹಕ್ಕು ಮಗುವಿನದೇ, ಅಧ್ಯಾಪಕರಿಗೆ ಫೋನ್ ಮಾಡಿ "ನಮ್ಮ ಮಗಳಿಗೆ ಎಷ್ಟು ಬಂತು?" ಎಂದು ಕೇಳಿದರೆ ಅವರು ಹೇಳುವಂತಿಲ್ಲ. ಇಲ್ಲಿ ಬಂದ ಅಂಕ ಶಾಶ್ವತವಾಗಿ ಉಳಿಯುತ್ತದೆ, ಮುಂದೆ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವಾಗ ಅದನ್ನು ತೋರಿಸಲೇಬೇಕು. ಮತ್ತು ಸಿ ದರ್ಜೆ ಬಂದರೆ, ಇನ್ನೂ ಒಳ್ಳೆಯ ದರ್ಜೆಗಾಗಿ ಅದೇ ಕೋರ್ಸನ್ನು ಮತ್ತೆ ಓದಲು ಸಾಮಾನ್ಯವಾಗಿ ಅವಕಾಶವಿಲ್ಲ. ಮರಳಿ ಓದುವ ಅವಕಾಶ ಡಿ, ಎಫ್‌ನಂಥ ಕೆಳದರ್ಜೆ ಬಂದವರಿಗೆ ಮಾತ್ರ. ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದಲ್ಲಿ ಕಲಿಸುವ ಎಪಿ ಸೈಕಾಲಜಿಯನ್ನು ಓದಿ ಪರೀಕ್ಷೆಯಲ್ಲಿ 3 ಅಥವಾ ಅದಕ್ಕಿಂತ ಹೆಚ್ಚು ಪಡೆದವರಿಗೆ ಕ್ಯಾಲ್-ಗೆಟ್ಸಿಯ ನಾಲ್ಕನೆಯ ವಿಭಾಗದಲ್ಲಿ ಮನ್ನಣೆ ಸಿಗುತ್ತದೆ. ಹಾಗಾಗಿ ಎರಡನ್ನೂ ಓದಿಸುವ ಅಗತ್ಯವಿಲ್ಲ.

ಹೆಜ್ಜೆ 5: ಪುಸ್ತಕ ಮತ್ತು ಸಿಲಬಸ್

ಹೊಸ ಪಠ್ಯಪುಸ್ತಕದ ಬೆಲೆ ಕೋರ್ಸಿನ ಶುಲ್ಕವನ್ನೇ ಮೀರಿಸುವುದುಂಟು. ವೇಳಾಪಟ್ಟಿಯಲ್ಲಿ ಪುಸ್ತಕದ ಖರ್ಚಿಲ್ಲದ ತರಗತಿಗಳಿಗೆ ಪ್ರತ್ಯೇಕ ಗುರುತು ಇರುತ್ತದೆ, ಅಂಥವನ್ನೇ ಹುಡುಕಿ. ಅವುಗಳಲ್ಲಿ ಅನೇಕ ಕಡೆ ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಪ್ರಕಟಿಸಿರುವ ಉಚಿತ ಪಠ್ಯವನ್ನು ಬಳಸುತ್ತಾರೆ. ಹದಿನಾರು ಅಧ್ಯಾಯಗಳ ಈ ಪುಸ್ತಕವನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ್ದರಿಂದ, ಸೇರಬೇಕೋ ಬೇಡವೋ ಎಂದು ಅನುಮಾನವಿರುವವರು ಎರಡನೆಯ ಅಧ್ಯಾಯವಾದ ಸಂಶೋಧನಾ ವಿಧಾನವನ್ನು ಒಮ್ಮೆ ಓದಿ ನೋಡಲಿ. ಅದು ರುಚಿಸಿದರೆ ಕೋರ್ಸ್ ರುಚಿಸುತ್ತದೆ.

ಸಿಲಬಸ್ ಎಂದರೆ ನಮ್ಮಲ್ಲಿ ಪಾಠಗಳ ಪಟ್ಟಿ. ಇಲ್ಲಿ ಅದು ಅಧ್ಯಾಪಕರಿಗೂ ವಿದ್ಯಾರ್ಥಿಗೂ ನಡುವಿನ ಕರಾರು. ಪರೀಕ್ಷೆಗೆ ಎಷ್ಟು ಶೇಕಡಾ, ಚರ್ಚೆಗೆ ಎಷ್ಟು, ತಡವಾಗಿ ಕೊಟ್ಟರೆ ಎಷ್ಟು ಕಡಿತ, ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ಎಲ್ಲಿಯವರೆಗೆ ಬಳಸಬಹುದು ಎಂಬುದೆಲ್ಲ ಅದರಲ್ಲೇ ಇರುತ್ತದೆ. ಮೊದಲ ದಿನವೇ ಎಲ್ಲ ಗಡುವುಗಳನ್ನೂ ಮನೆಯ ಕ್ಯಾಲೆಂಡರಿಗೆ ಇಳಿಸಿ. ದಸರಾ, ದೀಪಾವಳಿ ಮತ್ತು ಕನ್ನಡ ಕೂಟದ ರಾಜ್ಯೋತ್ಸವ ಕ್ವಾರ್ಟರ್ ಕಾಲೇಜಿನ ಮಧ್ಯಂತರ ಪರೀಕ್ಷೆಗಳ ಕಾಲಕ್ಕೇ ಬರುತ್ತವೆ.

ಹೆಜ್ಜೆ 6: ಓದುವ ವಿಧಾನ

ಇಡೀ ಕೋರ್ಸ್ ನಿಂತಿರುವುದು ಈ ಹೆಜ್ಜೆಯ ಮೇಲೆ. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ಈ ಕೋರ್ಸಿಗೆ ಐದು ಕಂಬಗಳ ಮಾದರಿಯೊಂದನ್ನು ಸೂಚಿಸಿದೆ: ಮಿದುಳು ಮತ್ತು ದೇಹ; ಸ್ಮೃತಿ, ಗ್ರಹಿಕೆ ಮುಂತಾದ ಅರಿವಿನ ಕ್ರಿಯೆಗಳು; ಬೆಳವಣಿಗೆ ಮತ್ತು ಕಲಿಕೆ; ಸಮಾಜ ಮತ್ತು ವ್ಯಕ್ತಿತ್ವ; ಮಾನಸಿಕ ಹಾಗೂ ದೈಹಿಕ ಆರೋಗ್ಯ. ಈ ಐದರ ಕೆಳಗೆ ತಳಪಾಯವಾಗಿ ಸಂಶೋಧನಾ ವಿಧಾನವಿದೆ. ಹೆಚ್ಚಿನವರು ಐದನೆಯ ಕಂಬಕ್ಕೆಂದು ಬರುತ್ತಾರೆ, ಅಂಕ ಕಳೆದುಕೊಳ್ಳುವುದು ತಳಪಾಯದಲ್ಲಿ.

ಬಿ.ಎಡ್. ಅಥವಾ ಡಿ.ಎಡ್. ಓದಿದವರಿಗೆ ಅನುಬಂಧನ, ಪುನರ್ಬಲನ, ಅಭಿಪ್ರೇರಣೆ ಎಂಬ ಪದಗಳು ಗೊತ್ತಿರುತ್ತವೆ. ಅವುಗಳನ್ನು ಬಿಟ್ಟುಬಿಡಬೇಡಿ. ನೋಟ್‌ಬುಕ್ಕಿನ ಒಂದು ಪುಟದಲ್ಲಿ ಮೂರು ಕಂಬಸಾಲು ಎಳೆದು, ಮೊದಲನೆಯದರಲ್ಲಿ ಇಂಗ್ಲಿಷ್ ಪದ, ಎರಡನೆಯದರಲ್ಲಿ ಕನ್ನಡ ಪದ, ಮೂರನೆಯದರಲ್ಲಿ ಸ್ವಂತ ಮನೆಯ ಒಂದು ಉದಾಹರಣೆ ಬರೆಯಿರಿ. ಮೂರನೆಯ ಸಾಲೇ ಮುಖ್ಯ. ಪರೀಕ್ಷೆಯ ಪ್ರಶ್ನೆಗಳು ವ್ಯಾಖ್ಯೆಯನ್ನು ಕೇಳುವುದು ಕಡಿಮೆ. ಹೊಸದೊಂದು ಸನ್ನಿವೇಶ ಕೊಟ್ಟು ಇದು ಯಾವುದರ ಉದಾಹರಣೆ ಎಂದು ಕೇಳುವುದೇ ಹೆಚ್ಚು.

ಎಲ್ಲರೂ ತಪ್ಪು ಮಾಡುವ ಒಂದನ್ನು ನೋಡೋಣ. ಅಂಗಡಿಯಲ್ಲಿ ಮಗು ಅಳುತ್ತದೆ, ತಾಯಿ ಕೈಗೆ ಮೊಬೈಲ್ ಕೊಡುತ್ತಾಳೆ, ಅಳು ನಿಲ್ಲುತ್ತದೆ. ಮರುದಿನವೂ ಮಗು ಅಳುತ್ತದೆ, ತಾಯಿ ಇನ್ನೂ ಬೇಗ ಮೊಬೈಲ್ ಕೊಡುತ್ತಾಳೆ. ಇಲ್ಲಿ ಮಗುವಿಗೆ ಆಗಿದ್ದು ಧನಾತ್ಮಕ ಪುನರ್ಬಲನ: ಅತ್ತದ್ದಕ್ಕೆ ಬೇಕಾದ ವಸ್ತು ಸಿಕ್ಕಿತು, ಆದ್ದರಿಂದ ಅಳು ಹೆಚ್ಚಿತು. ತಾಯಿಗೆ ಆಗಿದ್ದು ಋಣಾತ್ಮಕ ಪುನರ್ಬಲನ: ಮೊಬೈಲ್ ಕೊಟ್ಟೊಡನೆ ಕಿರಿಕಿರಿಯೊಂದು ತೊಲಗಿತು, ಆದ್ದರಿಂದ ಕೊಡುವ ವರ್ತನೆ ಹೆಚ್ಚಿತು. ಋಣಾತ್ಮಕ ಎಂದರೆ ಕೆಟ್ಟದ್ದು ಎಂದಲ್ಲ, ಶಿಕ್ಷೆ ಎಂದೂ ಅಲ್ಲ. ಏನನ್ನೋ ತೆಗೆದುಹಾಕಿದ್ದರಿಂದ ವರ್ತನೆ ಬಲಗೊಂಡಿತು ಎಂದರ್ಥ. ಶಿಕ್ಷೆಯಿಂದ ವರ್ತನೆ ಕುಗ್ಗುತ್ತದೆ, ಪುನರ್ಬಲನದಿಂದ ಹೆಚ್ಚುತ್ತದೆ. ಯಾವುದೇ ಪ್ರಶ್ನೆ ಬಂದಾಗ ಮೊದಲು ಯಾರ ವರ್ತನೆಯ ಬಗ್ಗೆ ಕೇಳುತ್ತಿದ್ದಾರೆ, ಅದು ಹೆಚ್ಚಿತೇ ಕುಗ್ಗಿತೇ, ಏನನ್ನಾದರೂ ಕೊಟ್ಟರೇ ತೆಗೆದರೇ ಎಂದು ಈ ಕ್ರಮದಲ್ಲೇ ಕೇಳಿಕೊಂಡರೆ ಉತ್ತರ ತಪ್ಪುವುದಿಲ್ಲ.

ಪ್ರಯೋಗಗಳನ್ನು ಕಥೆಯಂತೆ ನೆನಪಿಟ್ಟುಕೊಂಡರೆ ಸಾಲದು, ಬಿಡಿಸಿ ಬರೆಯಬೇಕು. ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಪ್ರಕಟಿಸಿದ ಅಧ್ಯಯನ ಬಹುತೇಕ ಎಲ್ಲ ಪಠ್ಯಗಳಲ್ಲೂ ಇರುತ್ತದೆ. 45 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿಕ್ಕ ಚಿಕ್ಕ ಚಿತ್ರತುಣುಕುಗಳನ್ನು ತೋರಿಸಿ, ಕಾರುಗಳು ಎಷ್ಟು ವೇಗದಲ್ಲಿದ್ದವು ಎಂದು ಕೇಳಿದರು. ಪ್ರಶ್ನೆಯಲ್ಲಿ ಒಂದೇ ಒಂದು ಕ್ರಿಯಾಪದ ಗುಂಪಿನಿಂದ ಗುಂಪಿಗೆ ಬೇರೆಯಾಗಿತ್ತು. ಕನ್ನಡದಲ್ಲಿ ಹೇಳುವುದಾದರೆ ಒಂದು ಗುಂಪಿಗೆ ಕಾರುಗಳು ಒಂದಕ್ಕೊಂದು "ಅಪ್ಪಳಿಸಿದಾಗ" ಎಂದೂ ಇನ್ನೊಂದಕ್ಕೆ "ತಾಗಿದಾಗ" ಎಂದೂ ಕೇಳಿದಂತೆ. ಮೊದಲ ಗುಂಪಿನ ಅಂದಾಜು ಸರಾಸರಿ ಗಂಟೆಗೆ 40 ಮೈಲಿಗಿಂತ ತುಸು ಹೆಚ್ಚು, ಎರಡನೆಯದರದು 31.8. ಇನ್ನೊಂದು ಪ್ರಯೋಗದಲ್ಲಿ ಒಂದು ವಾರ ಬಿಟ್ಟು, ಒಡೆದ ಗಾಜು ಕಂಡಿರಾ ಎಂದು ಕೇಳಿದರು. ಚಿತ್ರದಲ್ಲಿ ಗಾಜು ಒಡೆದೇ ಇರಲಿಲ್ಲ. ಆದರೂ "ಅಪ್ಪಳಿಸಿದಾಗ" ಎಂದು ಕೇಳಿಸಿಕೊಂಡಿದ್ದ 50 ಜನರಲ್ಲಿ 16 ಮಂದಿ ಹೌದು ಎಂದರು. ಸಾಧಾರಣ "ಗುದ್ದಿದಾಗ" ಎಂಬ ಪದ ಕೇಳಿದ್ದ 50 ಜನರಲ್ಲಿ ಏಳು ಮಂದಿ ಮಾತ್ರ.

ಇದನ್ನು ನೋಟ್‌ಬುಕ್ಕಿನಲ್ಲಿ ಹೀಗೆ ಬಿಡಿಸಬೇಕು. ಸಂಶೋಧಕರು ಬದಲಿಸಿದ್ದು ಏನು? ಕ್ರಿಯಾಪದ, ಅದು ಸ್ವತಂತ್ರ ಚರ. ಅಳೆದದ್ದು ಏನು? ವೇಗದ ಅಂದಾಜು, ಅದು ಅವಲಂಬಿತ ಚರ. ಗುಂಪುಗಳ ನಡುವೆ ಆ ಪದವೊಂದನ್ನು ಬಿಟ್ಟರೆ ಬೇರೇನಾದರೂ ವ್ಯತ್ಯಾಸವಿತ್ತೇ? ಇಲ್ಲದಿದ್ದರೆ ಮಾತ್ರ ಪದವೇ ಕಾರಣ ಎನ್ನಬಹುದು. ಮಿತಿ ಏನು? ನೋಡಿದವರು ಕಾಲೇಜು ವಿದ್ಯಾರ್ಥಿಗಳು, ನೋಡಿದ್ದು ಚಿತ್ರ. ಬೀದಿಯಲ್ಲಿ ನಿಜವಾದ ಅಪಘಾತ ಕಂಡು ಎದೆ ನಡುಗಿದವರಿಗೂ ಇದು ಹೀಗೆಯೇ ಅನ್ವಯಿಸುತ್ತದೆಯೇ? ನಾಲ್ಕು ಪ್ರಶ್ನೆ, ಅರ್ಧ ಪುಟ. ಪ್ರತಿ ಅಧ್ಯಾಯದಲ್ಲಿ ಎರಡು ಪ್ರಯೋಗಗಳನ್ನು ಹೀಗೆ ಬಿಡಿಸಿಟ್ಟುಕೊಂಡವರಿಗೆ ಸಹಸಂಬಂಧಕ್ಕೂ ಕಾರ್ಯಕಾರಣಕ್ಕೂ ಇರುವ ಅಂತರ ತಾನಾಗಿ ಬೆರಳಿಗೆ ಹತ್ತುತ್ತದೆ.

ಇನ್ನು ನೆನಪಿಡುವ ಬಗೆ. ನಮ್ಮಲ್ಲಿ ಹೆಚ್ಚಿನವರು ಪಾಠವನ್ನು ಮತ್ತೆ ಮತ್ತೆ ಓದಿ, ಸಾಲುಗಳಿಗೆ ಬಣ್ಣ ಬಳಿದು ಕಲಿತವರು. ಈ ಕೋರ್ಸಿನ ಸ್ಮೃತಿಯ ಅಧ್ಯಾಯವೇ ಅದು ದುರ್ಬಲ ವಿಧಾನ ಎಂದು ತೋರಿಸುತ್ತದೆ. 1885ರಲ್ಲಿ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಕಲಿತ ಮೊದಲ ಗಂಟೆಗಳಲ್ಲೇ ಮರೆವು ಅತಿ ವೇಗವಾಗಿರುತ್ತದೆ ಎಂದು ಅಳೆದು ತೋರಿಸಿದ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅವರ ಪ್ರಯೋಗಗಳಲ್ಲಿ, ಐದು ನಿಮಿಷದ ನಂತರ ನೋಡಿದಾಗ ಪುನಃ ಓದಿದವರು ಮುಂದಿದ್ದರು. ಒಂದು ವಾರದ ನಂತರ ನೋಡಿದಾಗ ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿಕೊಂಡವರು ಮುಂದಿದ್ದರು. ಹಾಗಾಗಿ ರಾತ್ರಿ ಪಾತ್ರೆ ತೊಳೆಯುವಾಗ ಆ ದಿನದ ಅಧ್ಯಾಯವನ್ನು ಕನ್ನಡದಲ್ಲೇ ಮನೆಯವರಿಗೆ ಹೇಳಿ ನೋಡಿ. ಎಲ್ಲಿ ಮಾತು ತಡೆಯುತ್ತದೆಯೋ ಅಲ್ಲಿ ಅರ್ಥವಾಗಿಲ್ಲ. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಐದು ವಾಕ್ಯ ಬರೆಯಿರಿ.

ಇತಿಹಾಸದ ಅಧ್ಯಾಯದಲ್ಲಿ 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಮನೋವಿಜ್ಞಾನದ ಪ್ರಯೋಗಾಲಯ ತೆರೆದ ವಿಲ್ಹೆಲ್ಮ್ ವುಂಟ್ ಹೆಸರು ಬಂದಾಗ ನಮ್ಮವರು ಒಂದು ಕ್ಷಣ ನಿಲ್ಲಬೇಕು. ವುಂಟ್‌ನ ಬಳಿ ಓದಿದವನು ಚಾರ್ಲ್ಸ್ ಸ್ಪಿಯರ್‌ಮನ್. ಲಂಡನ್ನಿನಲ್ಲಿ ಸ್ಪಿಯರ್‌ಮನ್‌ನ ಬಳಿ ಓದಿ ಬಂದವರು ಎಂ.ವಿ. ಗೋಪಾಲಸ್ವಾಮಿ, 1924ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನ ವಿಭಾಗವನ್ನು ಕಟ್ಟಿದವರು ಅವರು. 1935ರಲ್ಲಿ ಮೈಸೂರಿನಲ್ಲಿ ಆಕಾಶವಾಣಿ ಎಂಬ ರೇಡಿಯೊ ಕೇಂದ್ರ ಆರಂಭಿಸಿದವರೂ ಅವರೇ. ಪಠ್ಯದಲ್ಲಿ ಇದು ಇರುವುದಿಲ್ಲ, ಪರೀಕ್ಷೆಗೂ ಬರುವುದಿಲ್ಲ. ಆದರೆ ಈ ವಿಷಯ ನಮಗೆ ಹೊಸದಲ್ಲ, ನೂರು ವರ್ಷದಿಂದ ನಮ್ಮ ಊರಿನಲ್ಲಿದೆ ಎಂದು ತಿಳಿದವರು ತರಗತಿಯಲ್ಲಿ ಹಿಂಜರಿಯದೆ ಕುಳಿತುಕೊಳ್ಳುತ್ತಾರೆ.

ಹೆಜ್ಜೆ 7: ಬರವಣಿಗೆ ಮತ್ತು ಅಧ್ಯಾಪಕರ ಜೊತೆಗಿನ ಮಾತು

ಪುಸ್ತಕದಲ್ಲಿದ್ದಂತೆಯೇ ಬರೆದರೆ ಪೂರ್ಣ ಅಂಕ ಎಂಬ ವಾತಾವರಣದಲ್ಲಿ ನಾವು ಓದಿದ್ದೇವೆ. ಇಲ್ಲಿ ಹಾಗೆ ಬರೆದರೆ ಕೃತಿಚೌರ್ಯವಾಗುತ್ತದೆ, ಮತ್ತು ಅದು ಕಾಲೇಜಿನ ಶಿಸ್ತಿನ ಪ್ರಕರಣವಾಗಿ ದಾಖಲಾಗಬಹುದು. ಉದ್ದೇಶ ಕೆಟ್ಟದ್ದಲ್ಲ ಎಂಬುದು ಸಮಜಾಯಿಷಿಯಾಗುವುದಿಲ್ಲ. ಮೂಲದ ಪ್ಯಾರಾ ಓದಿ, ಪುಸ್ತಕ ಮುಚ್ಚಿ, ಅರ್ಥವನ್ನು ಕನ್ನಡದಲ್ಲಿ ಒಮ್ಮೆ ಹೇಳಿಕೊಂಡು, ಅಲ್ಲಿಂದ ಸ್ವಂತ ಇಂಗ್ಲಿಷಿಗೆ ಬರೆಯುವುದು ನನಗೆ ಅತ್ಯಂತ ಉಪಯುಕ್ತವಾದ ವಿಧಾನ. ಎರಡು ಭಾಷೆಗಳನ್ನು ದಾಟಿ ಬಂದ ವಾಕ್ಯ ಮೂಲದ ನಕಲಾಗುವ ಸಾಧ್ಯತೆ ಬಹಳ ಕಡಿಮೆ. ಆದರೆ ವಿಚಾರ ಬೇರೆಯವರದಾದ್ದರಿಂದ ಲೇಖಕರ ಹೆಸರನ್ನೂ ವರ್ಷವನ್ನೂ ಸೂಚಿಸಲೇಬೇಕು. ಇದಕ್ಕೆ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ ಬರವಣಿಗೆ ನಿಯಮಗಳಾದ ಎಪಿಎ ಶೈಲಿಯ ಏಳನೆಯ ಆವೃತ್ತಿಯನ್ನು ಅನುಸರಿಸುತ್ತಾರೆ. ಕಾಲೇಜಿನ ಬರವಣಿಗೆ ಕೇಂದ್ರದಲ್ಲಿ ಹಣ ಪಡೆಯದೆ ಹೇಳಿಕೊಡುತ್ತಾರೆ.

ಅಧ್ಯಾಪಕರ ಆಫೀಸ್ ಅವರ್ಸ್ ಎಂಬ ಸಮಯವನ್ನು ನಮ್ಮವರು ಬಳಸಿಕೊಳ್ಳುವುದು ಬಹಳ ಕಡಿಮೆ. ಮೇಷ್ಟ್ರ ಕೋಣೆಗೆ ಕರೆಸಿಕೊಂಡರೆ ಏನೋ ತಪ್ಪಾಗಿದೆ ಎಂದೇ ಅರ್ಥವಾಗಿದ್ದ ಊರಿನಿಂದ ಬಂದವರಿಗೆ ಆ ಬಾಗಿಲು ತಟ್ಟುವುದು ಕಷ್ಟ. ಆದರೆ ಆ ಸಮಯಕ್ಕೂ ಅವರಿಗೆ ಸಂಬಳವಿದೆ, ಬಂದವರನ್ನು ಕಂಡರೆ ಅವರಿಗೆ ಸಂತೋಷವಾಗುತ್ತದೆ. "ಪ್ರೊಫೆಸರ್" ಎಂದು ಸೇರಿಸಿ ಅವರ ಕುಟುಂಬನಾಮದಿಂದ ಸಂಬೋಧಿಸಿ. ಅವರೇ ಮೊದಲ ಹೆಸರಿನಿಂದ ಕರೆಯಿರಿ ಎಂದರೆ ಹಾಗೆಯೇ ಕರೆಯಿರಿ. ಹೋಗುವಾಗ ತಪ್ಪಾದ ಒಂದು ಪ್ರಶ್ನೆಯನ್ನು ಹಿಡಿದು ಹೋಗಿ, ನೀವು ಹೇಗೆ ಯೋಚಿಸಿದಿರಿ ಎಂದು ಹೇಳಿ, ಎಲ್ಲಿ ದಾರಿ ತಪ್ಪಿತು ಎಂದು ಕೇಳಿ.

ಕೊನೆಯ ಅಧ್ಯಾಯಗಳಿಗೆ ಬಂದಾಗ

ಖಿನ್ನತೆ, ಆತಂಕ, ಸ್ಕಿಜೋಫ್ರೇನಿಯಾ ಮುಂತಾದವುಗಳ ಅಧ್ಯಾಯ ಸಾಮಾನ್ಯವಾಗಿ ಟರ್ಮಿನ ಕೊನೆಗೆ ಬರುತ್ತದೆ. ಓದುತ್ತ ಓದುತ್ತ ಅತ್ತೆಯಲ್ಲಿ ಒಂದು ಲಕ್ಷಣ, ಮೈದುನನಲ್ಲಿ ಇನ್ನೊಂದು, ತನ್ನಲ್ಲೇ ಮೂರು ಕಾಣತೊಡಗುತ್ತವೆ. ಇದು ಎಲ್ಲ ವಿದ್ಯಾರ್ಥಿಗಳಿಗೂ ಆಗುವಂಥದ್ದು. ಒಂದು ಕೋರ್ಸ್ ಓದಿದ ಮಾತ್ರಕ್ಕೆ ಮನೆಯವರಿಗೆ ರೋಗದ ಹೆಸರು ಹಚ್ಚುವ ಅರ್ಹತೆ ಬರುವುದಿಲ್ಲ. ಹಾಗೆ ಹಚ್ಚಿದ ಹೆಸರು ಸಂಬಂಧಗಳಲ್ಲಿ ಬಹಳ ದಿನ ಉಳಿಯುತ್ತದೆ. ಆದರೆ ಓದಿದ್ದು ನಿಮ್ಮದೇ ನೋವನ್ನು ಮುಟ್ಟಿದರೆ ಅದನ್ನು ಬದಿಗೆ ಸರಿಸಬೇಡಿ. ಆರೋಗ್ಯ ಶುಲ್ಕ ಕಟ್ಟಿದ ವಿದ್ಯಾರ್ಥಿಗಳಿಗೆ ಹೆಚ್ಚಿನ ಕಾಲೇಜುಗಳಲ್ಲಿ ಆಪ್ತಸಮಾಲೋಚನೆ ಲಭ್ಯವಿದೆ. ತುರ್ತಿನಲ್ಲಿ ಮಾನಸಿಕ ಸಂಕಟದ ಸಹಾಯವಾಣಿಯಾದ 988 ಸಂಖ್ಯೆಗೆ ಹಗಲು ರಾತ್ರಿ ಕರೆ ಮಾಡಬಹುದು, ಸಂದೇಶ ಕಳುಹಿಸಬಹುದು. ತರಗತಿಯ ಚರ್ಚೆಯಲ್ಲಿ ಮಾತ್ರ ನಿಮ್ಮ ಅಥವಾ ಮನೆಯವರ ಖಾಸಗಿ ಸಂಗತಿಯನ್ನು ಎಷ್ಟು ಹೇಳಬೇಕು ಎಂಬುದನ್ನು ಮೊದಲೇ ನಿರ್ಧರಿಸಿಕೊಂಡು ಹೋಗಿ.

ಹೆಜ್ಜೆ 8: ನಡುವೆ ಬಿಡಬೇಕಾಗಿ ಬಂದರೆ

ಊರಿನಿಂದ ಕೆಟ್ಟ ಸುದ್ದಿ ಬರಬಹುದು, ಕೆಲಸ ಹೋಗಬಹುದು, ಓದು ಕೈಮೀರಬಹುದು. ಆಗ ಸುಮ್ಮನೆ ಹೋಗುವುದನ್ನು ನಿಲ್ಲಿಸಿದರೆ ಎಫ್ ಬರುತ್ತದೆ. ಟರ್ಮಿನ ಆರಂಭದ ಮೊದಲ ಗಡುವಿನೊಳಗೆ ಬಿಟ್ಟರೆ ಅಂಕಪಟ್ಟಿಯಲ್ಲಿ ಗುರುತೇ ಇರುವುದಿಲ್ಲ, ಹಣವೂ ಮರಳಬಹುದು. ಎರಡನೆಯ ಗಡುವಿನೊಳಗೆ ಬಿಟ್ಟರೆ ಕೋರ್ಸ್ ಬಿಟ್ಟದ್ದರ ಗುರುತಾಗಿ ಡಬ್ಲ್ಯೂ ಎಂದು ದಾಖಲಾಗುತ್ತದೆ, ಆದರೆ ದರ್ಜೆಗಳ ಸರಾಸರಿ ಕೆಡುವುದಿಲ್ಲ. ಎರಡೂ ದಿನಾಂಕಗಳು ಕಾಲೇಜಿನ ಕ್ಯಾಲೆಂಡರಿನಲ್ಲಿರುತ್ತವೆ. ಎಫ್-1 ವೀಸಾದವರು ಬಿಡುವ ಮುನ್ನ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನು ಕೇಳಲೇಬೇಕು.

ಹೆಜ್ಜೆ 9: ಮುಂದಿನ ಕೋರ್ಸ್

ಮನೋವಿಜ್ಞಾನದಲ್ಲೇ ಮುಂದುವರಿಯುವವರಿಗೆ ಸಂಖ್ಯಾಶಾಸ್ತ್ರ, ಸಂಶೋಧನಾ ವಿಧಾನ, ಜೈವಿಕ ಮನೋವಿಜ್ಞಾನ ನಂತರದ ಮೆಟ್ಟಿಲುಗಳು. 60 ಯೂನಿಟ್‌ನ ವರ್ಗಾವಣೆ ಪದವಿಯನ್ನು ಮುಗಿಸಿದವರಿಗೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ವ್ಯವಸ್ಥೆಯಲ್ಲಿ ಒಂದು ಸ್ಥಾನದ ಭರವಸೆ ಇರುತ್ತದೆ, ಯಾವ ಕ್ಯಾಂಪಸ್ ಎಂಬುದರ ಭರವಸೆ ಇಲ್ಲ. ಡೇವಿಸ್, ಅರ್ವೈನ್, ಸ್ಯಾಂಟಾ ಕ್ರೂಜ್ ಸೇರಿದಂತೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಆರು ಕ್ಯಾಂಪಸ್‌ಗಳು ಅರ್ಹರಿಗೆ ಪ್ರವೇಶದ ಖಾತರಿ ಒಪ್ಪಂದ ಕೊಡುತ್ತವೆ. ಬರ್ಕ್ಲಿ, ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯಾಗೊ ಕೊಡುವುದಿಲ್ಲ. ಯಾವ ಕೋರ್ಸ್ ಎಲ್ಲಿ ಯಾವುದಕ್ಕೆ ಸಮ ಎಂಬುದನ್ನು ಅಸಿಸ್ಟ್ ಎಂಬ ರಾಜ್ಯದ ಅಧಿಕೃತ ತಾಣದಲ್ಲಿ ನೀವೇ ನೋಡಿಕೊಂಡು, ಆ ಪುಟವನ್ನು ಮುದ್ರಿಸಿ ಕೌನ್ಸೆಲರ್ ಬಳಿಗೆ ಒಯ್ಯಿರಿ.

ಫಲಿತಾಂಶ ಬಂದ ದಿನವೇ ಆ ಟರ್ಮಿನ ಸಿಲಬಸ್ಸನ್ನು ಪಿಡಿಎಫ್ ಆಗಿ ಉಳಿಸಿಕೊಳ್ಳಿ, ಏಕೆಂದರೆ ಟರ್ಮ್ ಮುಗಿದ ನಂತರ ಕ್ಯಾನ್ವಾಸ್ ಪುಟಗಳು ಮುಚ್ಚಿಹೋಗುತ್ತವೆ. ಮುಂದೆ ಬೇರೆ ರಾಜ್ಯಕ್ಕೆ ಹೋದಾಗಲೋ, ಮಾಸ್ಟರ್ಸ್‌ಗೆ ಅರ್ಜಿ ಹಾಕಿದಾಗಲೋ, ಊರಿಗೆ ಮರಳಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಓದು ಮುಂದುವರಿಸಲು ಹೊರಟಾಗಲೋ, ಈ ಕೋರ್ಸಿನಲ್ಲಿ ಏನನ್ನು ಓದಿದಿರಿ ಎಂದು ಕೇಳುತ್ತಾರೆ. ಆಗ ಅಂಕಪಟ್ಟಿಯಲ್ಲಿರುವ ಒಂದು ಸಾಲು ಸಾಲುವುದಿಲ್ಲ. ವಾರವಾರದ ಪಾಠಗಳು, ಪುಸ್ತಕ, ಗಂಟೆಗಳ ಲೆಕ್ಕ ಎಲ್ಲವೂ ಇರುವ ಆ ಹತ್ತು ಪುಟಗಳನ್ನೇ ಕೊಡಬೇಕಾಗುತ್ತದೆ.